ಪೋರ್ಟ್ ಖಾಲಿಯೇ ಇತ್ತು: ವೆಬ್ ಸರ್ವರ್ ಶುರು ಮಾಡುವಾಗ ಕ್ರ್ಯಾಶ್ ಆದ ಫೈಂಡ್‌ಸ್ಟರ್, ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಮಧ್ಯಮ ಗಾತ್ರದ ಒಂದು ಸಂಸ್ಥೆ. ಅವರ ದಾಖಲೆಗಳನ್ನು ನೋಡಿಕೊಳ್ಳುವ ಒಳಬಳಕೆಯ ಅಪ್ಲಿಕೇಶನ್ ಅಪಾಚೆ ಟಾಮ್‌ಕ್ಯಾಟ್ ಎಂಬ ಜಾವಾ ವೆಬ್ ಸರ್ವರ್ ಮೇಲೆ ಓಡುತ್ತದೆ. ಟಾಮ್‌ಕ್ಯಾಟ್ ಇರುವುದು ವಿಂಡೋಸ್ ಸರ್ವರ್ 2016 ಹಾಕಿದ ಒಂದು ಯಂತ್ರದಲ್ಲಿ. ಅದಕ್ಕೂ ಮುಂಚೆ ಇದೇ ಅಪ್ಲಿಕೇಶನ್ ವಿಂಡೋಸ್ ಸರ್ವರ್ 2008 ಆರ್2 ಇದ್ದ ಹಳೆಯ ಯಂತ್ರದಲ್ಲಿ ವರ್ಷಗಟ್ಟಲೆ ತೊಂದರೆ ಕೊಡದೆ ನಡೆದಿತ್ತು. ಹೊಸ ಯಂತ್ರಕ್ಕೆ ಎಲ್ಲವನ್ನೂ ಸ್ಥಳಾಂತರಿಸಿದವರು ಅಲ್ಲಿನ ಹಿರಿಯ ನಿರ್ವಾಹಕರು. ಅವರ ಜೊತೆಗೆ ಒಬ್ಬರು ಕಿರಿಯ ಎಂಜಿನಿಯರ್ ಇದ್ದರು. ನಾನು ಹೊರಗಿನಿಂದ ಸಲಹೆಗೆ ಹೋದವನು. ಸಂಸ್ಥೆಯ ಮತ್ತು ಜನರ ಗುರುತು ಸಿಗದಂತೆ ಸುತ್ತಲಿನ ವಿವರಗಳನ್ನು ಬದಲಿಸಿದ್ದೇನೆ, ತಾಂತ್ರಿಕ ಎಳೆಯನ್ನು ಮುಟ್ಟಿಲ್ಲ.

ಟಾಮ್‌ಕ್ಯಾಟ್ ಅನ್ನು ಅವರು ವಿಂಡೋಸ್ ಸರ್ವಿಸ್ (ವಿಂಡೋಸ್ ತಾನೇ ಹಿನ್ನೆಲೆಯಲ್ಲಿ ನಡೆಸುವ ಪ್ರೋಗ್ರಾಂ) ಆಗಿ ನೋಂದಾಯಿಸಿರಲಿಲ್ಲ. ಸ್ವಂತಕ್ಕೆ ಬರೆದುಕೊಂಡ ಒಂದು ಬ್ಯಾಚ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಸಾಲಾಗಿ ಓಡಿಸುವ ಫೈಲ್, ಇತ್ತು. ಯಂತ್ರ ರೀಬೂಟ್ ಆದಾಗ ಟಾಸ್ಕ್ ಷೆಡ್ಯೂಲರ್ ಆ ಸ್ಕ್ರಿಪ್ಟನ್ನು ವಿಂಡೋಸ್‌ನ ಸ್ವಂತ ಸಿಸ್ಟಂ ಖಾತೆಯಲ್ಲಿ ಓಡಿಸುತ್ತಿತ್ತು. ನಡುವೆ ಸಂರಚನೆ ಬದಲಿಸಿದರೆ ಹಿರಿಯರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗಿ ಅದನ್ನೇ ಕೈಯಾರೆ ಓಡಿಸುತ್ತಿದ್ದರು.

ಸ್ಕ್ರಿಪ್ಟ್ ಮೊದಲು ಮಾಡುತ್ತಿದ್ದ ಕೆಲಸ ಟಾಮ್‌ಕ್ಯಾಟ್ ಸಂಪರ್ಕಗಳನ್ನು ಸ್ವೀಕರಿಸುವ 8080 ಪೋರ್ಟ್ ಖಾಲಿ ಇದೆಯೇ ಎಂದು ನೋಡುವುದು. ನೆಟ್‌ಸ್ಟ್ಯಾಟ್ ಕೊಡುವ ಜಾಲ ಸಂಪರ್ಕಗಳ ಪಟ್ಟಿಯನ್ನು ಪೈಪ್ ಮೂಲಕ ಫೈಂಡ್‌ಸ್ಟರ್ ಎಂಬ ಪಠ್ಯ ಹುಡುಕುವ ಆಜ್ಞೆಗೆ ಕಳಿಸಿ, ಅದರಲ್ಲಿ ":8080" ಇದೆಯೇ ಎಂದು ಹುಡುಕಿಸಿ, ಬರುವ ಉತ್ತರವನ್ನು ನಲ್‌ಗೆ (ಏನು ಬರೆದರೂ ಮಾಯವಾಗುವ ಜಾಗ) ಬಿಸಾಡಿ, ಎರರ್‌ಲೆವೆಲ್, ಅಂದರೆ ಆಜ್ಞೆ ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆ, ಮಾತ್ರ ನೋಡುತ್ತಿತ್ತು. ಫೈಂಡ್‌ಸ್ಟರ್ ಪಠ್ಯ ಸಿಕ್ಕರೆ 0 ಕೊಡುತ್ತದೆ, ಸಿಗದಿದ್ದರೆ 1. ಹಾಗಾಗಿ ಸ್ಕ್ರಿಪ್ಟಿನ ಮುಂದಿನ ಸಾಲು "ಇಫ್ ಎರರ್‌ಲೆವೆಲ್ 1" ಎಂದಿತ್ತು: ಸಿಗಲಿಲ್ಲ ಅಂದರೆ ಪೋರ್ಟ್ ಖಾಲಿ, ಸರ್ವರ್ ಶುರು ಮಾಡು. ಇಲ್ಲವಾದರೆ "8080 ಪೋರ್ಟ್ ಬಳಕೆಯಲ್ಲಿದೆ" ಎಂದು ತೋರಿಸಿ ನಿಲ್ಲು.

ಬ್ಯಾಚ್ ಸ್ಕ್ರಿಪ್ಟ್ ಬರೆದ ಯಾರಾದರೂ ಹೀಗೇ ಬರೆದಿರುತ್ತಾರೆ. ಈ ಪ್ರಕರಣದ ಅರ್ಧ ಭಾಗ ಅಡಗಿದ್ದು ಆ ಒಂದು ಸಾಲಿನಲ್ಲೇ.

ಸಮಸ್ಯೆ

ಸ್ಥಳಾಂತರ ಮುಗಿದ ಮೇಲೆ ಮೊದಲ ಬಾರಿ ಕೈಯಾರೆ ಮರುಪ್ರಾರಂಭ ಮಾಡಬೇಕಾಗಿ ಬಂದದ್ದು ಡೇಟಾಬೇಸ್ ಸಂಪರ್ಕದ ಒಂದು ಪಾಸ್‌ವರ್ಡ್ ಬದಲಿಸಿದಾಗ. ಹಿರಿಯರು ಟಾಮ್‌ಕ್ಯಾಟ್ ನಿಲ್ಲಿಸಿದರು, ಫೈಲ್ ತಿದ್ದಿದರು, ಸ್ಕ್ರಿಪ್ಟ್ ಓಡಿಸಿದರು. ಪರದೆಯ ಮೇಲೆ ಒಂದು ಬಾಕ್ಸ್ ಬಂತು: ಫೈಂಡ್ ಸ್ಟ್ರಿಂಗ್ ಕ್ಯೂಗ್ರೆಪ್ ಯುಟಿಲಿಟಿ ಕೆಲಸ ನಿಲ್ಲಿಸಿದೆ. ಇದು ಫೈಂಡ್‌ಸ್ಟರ್‌ನ ಫೈಲ್ ವಿವರಣೆಯಲ್ಲಿರುವ ಪೂರ್ಣ ಹೆಸರು. ಹೆಸರು ಗೊತ್ತಿಲ್ಲದವರಿಗೆ ಯಾವುದೋ ಅಪರಿಚಿತ ತಂತ್ರಾಂಶ ಕೆಟ್ಟಿತು ಅನ್ನಿಸುತ್ತದೆ. ಬಾಕ್ಸ್ ಮುಚ್ಚುವ ತನಕ ಸ್ಕ್ರಿಪ್ಟ್ ಅಲ್ಲೇ ನಿಂತಿತ್ತು, ಮುಚ್ಚಿದ ಕೂಡಲೇ ಕನ್ಸೋಲ್‌ನಲ್ಲಿ ಸಾಲು ಬಂತು: 8080 ಪೋರ್ಟ್ ಬಳಕೆಯಲ್ಲಿದೆ.

ಅವರ ಮುಂದೆ ಎರಡು ಸಂದೇಶ ಇದ್ದವು. ಒಂದು ಅರ್ಥವಾಗದ್ದು, ಇನ್ನೊಂದು ಚೆನ್ನಾಗಿ ಅರ್ಥವಾಗುವಂಥದ್ದು. ಅವರು ಅರ್ಥವಾಗುವುದನ್ನು ನಂಬಿದರು. ನಂಬಲು ಹಳೆಯ ಕಾರಣವೂ ಇತ್ತು. ಈ ಸ್ಕ್ರಿಪ್ಟ್ ನೆಟ್‌ಸ್ಟ್ಯಾಟ್‌ನ ಪಟ್ಟಿಯಲ್ಲಿ 8080 ಎಂಬ ಅಂಕಿಯನ್ನಷ್ಟೇ ಹುಡುಕುತ್ತಿತ್ತೇ ಹೊರತು ಆ ಸಾಲು ಲಿಸನಿಂಗ್ (ಹೊಸ ಸಂಪರ್ಕಕ್ಕಾಗಿ ಕಾಯುವ) ಸ್ಥಿತಿಯಲ್ಲಿದೆಯೇ ಎಂದು ನೋಡುತ್ತಿರಲಿಲ್ಲ. ಸರ್ವರ್ ನಿಲ್ಲಿಸಿದ ಮೇಲೂ ಮುಗಿದ ಸಂಪರ್ಕಗಳು ಸ್ವಲ್ಪ ಹೊತ್ತು ಟೈಮ್ ವೇಟ್ ಸ್ಥಿತಿಯಲ್ಲಿ ಪಟ್ಟಿಯಲ್ಲಿ ಉಳಿಯುತ್ತವೆ, ಪ್ರೊಸೆಸ್ ಸಂಖ್ಯೆಯ ಜಾಗದಲ್ಲಿ 0 ಇಟ್ಟುಕೊಂಡು. ಆದ್ದರಿಂದ ಹಳೆಯ ಯಂತ್ರದಲ್ಲೂ "ಬಳಕೆಯಲ್ಲಿದೆ" ಎಂಬ ಮಾತು ಆಗಾಗ ಬರುತ್ತಿತ್ತು. ಕೆಲವು ನಿಮಿಷ ಕಾದು ಮತ್ತೆ ಓಡಿಸಿದರೆ ಸರಿಹೋಗುತ್ತಿತ್ತು. ವರ್ಷಗಳ ಅಭ್ಯಾಸ ಅದು: ಈ ಸಂದೇಶ ಬಂದರೆ ಕಾಯಬೇಕು.

ಈ ಸಲ ಕಾದರೂ ಆಗಲಿಲ್ಲ.

ಪೋರ್ಟಿನ ಬೆನ್ನು ಹತ್ತಿದ್ದು

ಯಾವುದೋ ಜಾವಾ ಪ್ರೊಸೆಸ್ ಪೋರ್ಟನ್ನು ಹಿಡಿದುಕೊಂಡಿದೆ ಎಂದುಕೊಂಡು ಯಂತ್ರದಲ್ಲಿದ್ದ ಎಲ್ಲ ಜಾವಾ ಪ್ರೊಸೆಸ್‌ಗಳನ್ನೂ ಟಾಸ್ಕ್‌ಕಿಲ್‌ನಿಂದ ನಿಲ್ಲಿಸಿದರು. ಅದರಲ್ಲಿ ಒಂದು ಬೇರೆ ವಿಭಾಗದ ವರದಿ ತಯಾರಿಸುವ ಕೆಲಸಕ್ಕೆ ಸೇರಿದ್ದು, ಅದು ಅರ್ಧಕ್ಕೆ ನಿಂತಿತು. ಅಲ್ಲಿಂದ ದೂರು ಬಂತು. ಪೋರ್ಟ್ ಸಮಸ್ಯೆ ಹಾಗೇ ಇತ್ತು.

ಆಮೇಲೆ ಸಂರಚನೆಯಲ್ಲಿ ಮತ್ತು ಸ್ಕ್ರಿಪ್ಟ್‌ನಲ್ಲಿ 8080 ಇದ್ದಲ್ಲಿ 8081 ಹಾಕಿ ನೋಡಿದರು. ಮತ್ತೆ ಅದೇ ಬಾಕ್ಸ್. ಮತ್ತೆ "8081 ಪೋರ್ಟ್ ಬಳಕೆಯಲ್ಲಿದೆ". ಈ ಪ್ರಕರಣದಲ್ಲಿ ದಾರಿ ಬದಲಾಗಬೇಕಿದ್ದ ಮೊದಲ ತಿರುವು ಇದು ಎಂದು ನನ್ನ ಖಚಿತ ಅಭಿಪ್ರಾಯ. ಹಿಂದೆಂದೂ ಯಾರೂ ಬಳಸದ ಪೋರ್ಟ್ ಸಹ ಬಳಕೆಯಲ್ಲಿದೆ ಎಂದು ಸ್ಕ್ರಿಪ್ಟ್ ಹೇಳಿದರೆ ಅನುಮಾನ ಪಡಬೇಕಾದದ್ದು ಸ್ಕ್ರಿಪ್ಟ್ ಮೇಲೆ. ಅವರು ಬರೀ ನೆಟ್‌ಸ್ಟ್ಯಾಟ್ ಓಡಿಸಿ ಕಣ್ಣಾರೆ ಪಟ್ಟಿ ನೋಡಿದ್ದರೆ ಅಲ್ಲಿ 8081 ಇರುವ ಒಂದು ಸಾಲೂ ಇಲ್ಲದ್ದು ಕಾಣುತ್ತಿತ್ತು. ಅದರ ಬದಲು ಅವರು ಇನ್ನೂ ಆಳಕ್ಕೆ ಇಳಿದರು. ಹೈಪರ್-ವಿ ಮುಂತಾದವು ಕೆಲವು ಪೋರ್ಟ್ ಶ್ರೇಣಿಗಳನ್ನು ಮೊದಲೇ ಕಾಯ್ದಿರಿಸಿಕೊಳ್ಳುವುದುಂಟು. ನೆಟ್‌ಷೆಲ್ ಆಜ್ಞೆಯಿಂದ ಆ ಪಟ್ಟಿ ತೆಗೆಸಿ ನೋಡಿದರು. 8080 ಆಗಲಿ 8081 ಆಗಲಿ ಯಾವ ಶ್ರೇಣಿಯಲ್ಲೂ ಬೀಳುತ್ತಿರಲಿಲ್ಲ.

ಕೊನೆಗೆ ಬಳಕೆದಾರರ ಒತ್ತಡ ಹೆಚ್ಚಿ ಯಂತ್ರವನ್ನೇ ರೀಬೂಟ್ ಮಾಡಿದರು. ಟಾಮ್‌ಕ್ಯಾಟ್ ತಾನಾಗಿ ಮೇಲೆ ಬಂತು. ಬಾಕ್ಸ್ ಇಲ್ಲ, ಸಂದೇಶ ಇಲ್ಲ. ಅಲ್ಲಿಗೆ ರೀಬೂಟ್ ಮಾಡುವುದೇ ಮದ್ದು ಎಂದಾಯಿತು. ಮುಂದಿನ ಕೆಲವು ವಾರ ಸಣ್ಣ ಸಂರಚನೆ ಬದಲಾವಣೆಗೂ ಇಡೀ ಯಂತ್ರ ರೀಬೂಟ್ ಆಗುತ್ತಿತ್ತು, ಅದರಲ್ಲಿದ್ದ ಬೇರೆ ಕೆಲಸಗಳೂ ಅದರೊಂದಿಗೆ ನಿಲ್ಲುತ್ತಿದ್ದವು.

ಈ ಹಂತ ನೋಡಿ ಅವರ ಬಗ್ಗೆ ಹಗುರವಾಗಿ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ನೂರಾರು ಜನ ಕಾಯುತ್ತಿರುವಾಗ ಸೇವೆ ಮರಳಿ ತರುವುದೇ ಮೊದಲ ಕರ್ತವ್ಯ, ಅದನ್ನವರು ಮಾಡಿದರು. ತೊಂದರೆ ಆದದ್ದು ರೀಬೂಟ್ ಕೊಟ್ಟ ಸುಳಿವನ್ನು ಯಾರೂ ಎತ್ತಿಕೊಳ್ಳದಿದ್ದಾಗ. ರೀಬೂಟ್ ಆದ ಮೇಲೆ ಓಡಿದ್ದು ಅದೇ ಸ್ಕ್ರಿಪ್ಟ್, ಅದೇ ಫೈಂಡ್‌ಸ್ಟರ್. ಬದಲಾಗಿದ್ದು ಖಾತೆ ಮಾತ್ರ. ಆದರೆ ರೀಬೂಟ್ ಎಂಬುದು ಏನನ್ನು ಬೇಕಾದರೂ ಸರಿಮಾಡಬಲ್ಲ ದೊಡ್ಡ ಕ್ರಿಯೆ ಎಂಬ ನಂಬಿಕೆ ಎಲ್ಲರಲ್ಲೂ ಇರುವುದರಿಂದ, ಅದು ಸರಿಮಾಡಿದ್ದು ಏನನ್ನು ಎಂದು ಕೇಳಬೇಕು ಅನ್ನಿಸುವುದಿಲ್ಲ.

ಫೈಲಿನ ಬೆನ್ನು ಹತ್ತಿದ್ದು

ವರದಿ ವಿಭಾಗದ ದೂರು ಮೇಲಿನವರೆಗೆ ಹೋದ ಮೇಲೆ ಆ ಬಾಕ್ಸ್ ಮೇಲೆ ಗಮನ ಹರಿಯಿತು. ಈಗ ಎಲ್ಲರೂ ಫೈಂಡ್‌ಸ್ಟರ್ ಫೈಲ್ ಕೆಟ್ಟಿದೆ ಎಂಬ ನಿರ್ಧಾರಕ್ಕೆ ಬಂದರು. ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದರು. ಯಾವ ಸಿಸ್ಟಂ ಫೈಲಿನ ಸಮಗ್ರತೆಗೂ ಧಕ್ಕೆಯಾಗಿಲ್ಲ ಎಂದು ಬಂತು. ಡಿಸ್ಮ್‌ನಿಂದ ವಿಂಡೋಸ್ ಇಮೇಜ್ ದುರಸ್ತಿಯೂ ಆಯಿತು. ಫಲವಿಲ್ಲ. ಬೇರೆ ಯಂತ್ರದಿಂದ ಫೈಂಡ್‌ಸ್ಟರ್ ಫೈಲ್ ತಂದು ಸಿಸ್ಟಂ32 ಫೋಲ್ಡರಿನಲ್ಲಿ ಹಾಕೋಣ ಎಂಬ ಸಲಹೆ ಬಂತು. ಕಿರಿಯ ಎಂಜಿನಿಯರ್ ಅದಕ್ಕೆ ಒಪ್ಪದೆ ಮೊದಲು ಎರಡೂ ಫೈಲಿನ ಷಾ-256 ಹ್ಯಾಷ್ (ಫೈಲಿನ ಒಳಹುರುಳಿನಿಂದ ಲೆಕ್ಕಹಾಕುವ ಬೆರಳಚ್ಚು) ಹೋಲಿಸೋಣ ಅಂದರು. ಒಂದೇ ಅಪ್‌ಡೇಟ್ ಮಟ್ಟದಲ್ಲಿದ್ದ ಆ ಎರಡು ಯಂತ್ರಗಳ ಫೈಲುಗಳ ಹ್ಯಾಷ್ ಅಕ್ಷರ ಅಕ್ಷರಕ್ಕೂ ಒಂದೇ ಆಗಿತ್ತು. ಅಂದರೆ ಬದಲಿಸಿದ್ದರೆ ಅದೇ ಫೈಲನ್ನು ಅದೇ ಫೈಲಿನಿಂದ ಬದಲಿಸಿದಂತೆ ಆಗುತ್ತಿತ್ತು, ಜೊತೆಗೆ ಸಿಸ್ಟಂ ಫೈಲಿನ ಮಾಲೀಕತ್ವ ಮತ್ತು ಅನುಮತಿಗಳು ಕೆಡುತ್ತಿದ್ದವು. ಆ ಒಂದು ಹ್ಯಾಷ್ ಹೋಲಿಕೆ ಇಡೀ ಪ್ರಕರಣದಲ್ಲಿ ಯಾರೂ ಹೊಗಳದ, ಆದರೆ ಹೊಗಳಲೇಬೇಕಾದ ನಿರ್ಧಾರ.

ಇವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ ಪ್ರತಿ ಕ್ರ್ಯಾಶ್‌ಗೂ 1000 ಸಂಖ್ಯೆಯ ಒಂದು ನಮೂದು ಇತ್ತು. ಎಕ್ಸೆಪ್ಶನ್ ಕೋಡ್ ಸಿ0000005, ಅಂದರೆ ತನ್ನದಲ್ಲದ ಮೆಮೊರಿಗೆ ಕೈಹಾಕಿದ್ದು. ಕ್ರ್ಯಾಶ್‌ಗೆ ಕಾರಣವಾದ ಮಾಡ್ಯೂಲ್ ಎಂಬಲ್ಲಿ ಹೆಸರು ಇರಲಿಲ್ಲ. ಅಜ್ಞಾತ ಎಂದಿತ್ತು, ಆವೃತ್ತಿ 0.0.0.0. ಅಜ್ಞಾತ ಎಂಬ ಪದ ಕಂಡದ್ದೇ ವೈರಸ್ ಇರಬಹುದೆಂಬ ಭಯ ಹುಟ್ಟಿತು. ಪೂರ್ತಿ ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ಹಾಗಾದರೆ ಆಂಟಿವೈರಸ್ಸೇ ತೊಂದರೆ ಕೊಡುತ್ತಿದೆ, ಅದನ್ನು ತೆಗೆದು ನೋಡೋಣ ಎಂಬ ಮಾತು ನಾನು ಅಲ್ಲಿಗೆ ಹೋದ ದಿನ ನಡೆಯುತ್ತಿತ್ತು. ಜನ ಕೆಲಸ ಮಾಡುತ್ತಿರುವ ಸರ್ವರ್‌ನಲ್ಲಿ ಊಹೆಯ ಮೇಲೆ ರಕ್ಷಣೆ ತೆಗೆಯುವುದಕ್ಕೆ ನಾನು ಒಪ್ಪುವವನಲ್ಲ. ಅದು ಬೇಡ ಅಂದೆ. ಅದರ ಬದಲು ಬೇರೊಂದು ಪ್ರಶ್ನೆ ಕೇಳಿದೆ: ಇದು ಎಲ್ಲೆಲ್ಲಿ ಕ್ರ್ಯಾಶ್ ಆಗುವುದಿಲ್ಲ?

ತಿರುವು

ಹಿರಿಯರು ಕೂಡಲೇ ಹೇಳಿದ ಉತ್ತರ, "ಕೈಯಲ್ಲಿ ಟೈಪ್ ಮಾಡಿದ್ರೆ ಸರಿಯಾಗಿ ಓಡುತ್ತೆ ಸರ್, ಸ್ಕ್ರಿಪ್ಟ್‌ನಲ್ಲಿ ಮಾತ್ರ ಬೀಳುತ್ತೆ." ಮಾಡಿ ತೋರಿಸಿದರು. ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಸ್ಟ್ಯಾಟ್, ಪೈಪ್, ಫೈಂಡ್‌ಸ್ಟರ್ ಎಂದು ಟೈಪಿಸಿದರು. ಕ್ರ್ಯಾಶ್ ಇಲ್ಲ. ಫೈಂಡ್‌ಸ್ಟರ್ ನಿರ್ದೋಷಿ ಎಂದು ಅವರು ಮೊದಲ ವಾರದಲ್ಲಿ ತೀರ್ಮಾನಿಸಿ ಪೋರ್ಟಿನ ಕಡೆ ಹೋಗಿದ್ದು ಈ ಪರೀಕ್ಷೆ ಆಧರಿಸಿಯೇ.

ಆದರೆ ಅವರು ಟೈಪಿಸಿದ್ದು ಸ್ಕ್ರಿಪ್ಟ್‌ನ ಸಾಲು ಆಗಿರಲಿಲ್ಲ. ಸ್ಕ್ರಿಪ್ಟ್‌ನ ಸಾಲಿನ ಕೊನೆಯಲ್ಲಿ ಉತ್ತರವನ್ನು ನಲ್‌ಗೆ ತಿರುಗಿಸುವ ತುಂಡು ಇತ್ತು. ಉತ್ತರ ಕಣ್ಣಿಗೆ ಕಾಣಬೇಕೆಂದು ಅವರು ಸಹಜವಾಗಿ ಅದನ್ನು ಬಿಟ್ಟಿದ್ದರು. ಆ ಸಾಲನ್ನು ಸ್ಕ್ರಿಪ್ಟ್‌ನಿಂದ ಹಾಗೇ ಕಾಪಿ ಮಾಡಿ ಪ್ರಾಂಪ್ಟ್‌ನಲ್ಲಿ ಹಾಕಿಸಿದೆ. ಬಾಕ್ಸ್ ಬಂತು. ಮುಚ್ಚಿ, ಎರರ್‌ಲೆವೆಲ್ ಎಷ್ಟಿದೆ ಎಂದು ಕೇಳಿಸಿದೆ. ಪರದೆಯ ಮೇಲೆ ಬಂದದ್ದು: ಮೈನಸ್ 1073741819.

ಈ ಅಂಕಿಯನ್ನು ಸ್ವಲ್ಪ ನಿಂತು ನೋಡಬೇಕು. ಸಿ0000005 ಎಂಬ ಹದಿನಾರರ ಲೆಕ್ಕದ ಸಂಖ್ಯೆಯನ್ನು 32 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕವಾಗಿ ಓದಿದರೆ ಸಿಗುವುದು ಇದೇ ಋಣ ಸಂಖ್ಯೆ. ಬ್ಯಾಚ್ ಭಾಷೆಯಲ್ಲಿ "ಇಫ್ ಎರರ್‌ಲೆವೆಲ್ 1" ಅಂದರೆ ಎರರ್‌ಲೆವೆಲ್ ಒಂದಕ್ಕೆ ಸಮ ಎಂದಲ್ಲ, ಒಂದು ಅಥವಾ ಅದಕ್ಕಿಂತ ಹೆಚ್ಚು ಎಂದು. ಋಣ ಸಂಖ್ಯೆ ಒಂದಕ್ಕಿಂತ ಕಡಿಮೆ. ಆದ್ದರಿಂದ ಷರತ್ತು ಸುಳ್ಳಾಯಿತು, ಸ್ಕ್ರಿಪ್ಟ್ "ಸಿಕ್ಕಿದೆ" ಎಂಬ ದಾರಿ ಹಿಡಿಯಿತು, "ಪೋರ್ಟ್ ಬಳಕೆಯಲ್ಲಿದೆ" ಎಂದು ಬರೆಯಿತು. ಹುಡುಕಾಟ ನಡೆದೇ ಇರಲಿಲ್ಲ. ಹುಡುಕುವವನು ಸತ್ತುಬಿದ್ದದ್ದನ್ನು ಸ್ಕ್ರಿಪ್ಟ್ "ಸಿಕ್ಕಿತು" ಎಂದು ಓದಿಕೊಂಡಿತ್ತು. ಹಿರಿಯರು ಆ ಅಂಕಿಯನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಪೋರ್ಟ್ ಒಂದಿನಾನೂ ಬಿಜಿ ಇರಲಿಲ್ಲ," ಅಂದರು.

ಸುಳ್ಳು ಸಂದೇಶದ ಕಥೆ ಅಲ್ಲಿಗೆ ಬಗೆಹರಿಯಿತು. ಕ್ರ್ಯಾಶ್ ಏಕೆ ಎಂಬುದು ಇನ್ನೂ ಉಳಿದಿತ್ತು.

ಆಗ ಕಿರಿಯ ಎಂಜಿನಿಯರ್ ಒಂದು ಮಾತು ಹೇಳಿದರು. "ಸರ್, ನನ್ನ ಲಾಗಿನ್‌ನಲ್ಲಿ ಆ ಬಾಕ್ಸ್ ಬರೋದೇ ಇಲ್ಲ. ಹೋದ ವಾರ ಆ ಲೈನ್ ಮಾತ್ರ ಹಾಕಿ ನೋಡಿದ್ದೆ." ಸರ್ವರ್ ಮರುಪ್ರಾರಂಭಿಸುವ ಅಧಿಕಾರ ಅವರಿಗೆ ಇರಲಿಲ್ಲ. ಹಾಗಾಗಿ ತಾನು ನೋಡಿದ್ದು ಮುಖ್ಯವಲ್ಲ ಎಂದುಕೊಂಡು ಸುಮ್ಮನಿದ್ದರು. ಎಲ್ಲಿ ಕೆಟ್ಟಿತು ಎಂದು ಹೇಳಲು ಎಲ್ಲರೂ ಮುಂದೆ ಬರುತ್ತಾರೆ, ಎಲ್ಲಿ ಕೆಡಲಿಲ್ಲ ಎಂಬುದನ್ನು ಯಾರಾದರೂ ಕೇಳಿದರಷ್ಟೇ ಹೇಳುತ್ತಾರೆ. ತನಿಖೆಯ ಸಭೆಗಳಲ್ಲಿ ಇದನ್ನು ನಾನು ಪದೇ ಪದೇ ಕಂಡಿದ್ದೇನೆ, ಹಾಗಾಗಿ ಕೇಳುವ ಹೊಣೆ ಸಭೆ ನಡೆಸುವವರದ್ದು ಎಂದು ನಂಬುತ್ತೇನೆ.

ಈಗ ನಮ್ಮ ಕೈಯಲ್ಲಿದ್ದದ್ದು ಇಷ್ಟು. ಸಿಸ್ಟಂ ಖಾತೆಯಲ್ಲಿ ಸ್ಕ್ರಿಪ್ಟ್ ಓಡುತ್ತದೆ. ಕಿರಿಯರ ಖಾತೆಯಲ್ಲಿ ಆ ಸಾಲು ಓಡುತ್ತದೆ. ಹಿರಿಯರ ಖಾತೆಯಲ್ಲಿ ಓಡುವುದಿಲ್ಲ. ಯಂತ್ರ ಒಂದೇ, ಫೈಲ್ ಒಂದೇ, ಆಂಟಿವೈರಸ್ ಎಲ್ಲರಿಗೂ ಒಂದೇ. ಹಿರಿಯರ ಖಾತೆಯಲ್ಲೇ ಪವರ್‌ಷೆಲ್ (ಆಜ್ಞೆ ಟೈಪಿಸುವ ಇನ್ನೊಂದು ಕಿಟಕಿ) ತೆರೆದು ಅದೇ ಹುಡುಕಾಟ ಮಾಡಿಸಿದೆವು, ಕ್ರ್ಯಾಶ್ ಆಗಲಿಲ್ಲ. ಅದೇ ಪವರ್‌ಷೆಲ್‌ನಿಂದ ಬ್ಯಾಚ್ ಸ್ಕ್ರಿಪ್ಟ್ ಓಡಿಸಿದೆವು, ಕ್ರ್ಯಾಶ್ ಆಯಿತು. ಮೇಲ್ನೋಟಕ್ಕೆ ಇವೆರಡು ಒಂದಕ್ಕೊಂದು ವಿರುದ್ಧ. ಆದರೆ ಬ್ಯಾಚ್ ಸ್ಕ್ರಿಪ್ಟನ್ನು ಎಲ್ಲಿಂದ ಓಡಿಸಿದರೂ ಅದನ್ನು ನಡೆಸುವುದು ಸಿಎಂಡಿ, ಅಂದರೆ ಕಮಾಂಡ್ ಪ್ರಾಂಪ್ಟ್‌ನ ಹಿಂದಿರುವ ಪ್ರೋಗ್ರಾಂ. ಪವರ್‌ಷೆಲ್‌ನಲ್ಲಿ ನೇರವಾಗಿ ಹಾಕಿದ ಫೈಂಡ್‌ಸ್ಟರ್‌ಗೆ ಸಿಎಂಡಿಯ ಸೋಂಕೇ ಇಲ್ಲ. ಅಂದರೆ ತೊಂದರೆ ಇರಬೇಕಾದದ್ದು ಒಂದೇ ಜಾಗದಲ್ಲಿ: ಈ ಬಳಕೆದಾರರು ಸಿಎಂಡಿ ತೆರೆದಾಗ ಅದರ ಜೊತೆ ಏನೋ ಒಳಬರುತ್ತಿದೆ.

ಎರಡೂ ಖಾತೆಗಳಲ್ಲಿ ಸೆಟ್ ಆಜ್ಞೆ ಕೊಟ್ಟು ಪರಿಸರ ಚರಾಂಶಗಳನ್ನು (ಪ್ರೋಗ್ರಾಂಗಳು ಓದಿಕೊಳ್ಳುವ ಹೆಸರಿಟ್ಟ ಮೌಲ್ಯಗಳು) ಎರಡು ಫೈಲಿಗೆ ಬರೆಸಿ ಹೋಲಿಸಿದೆವು. ಬಳಕೆದಾರರ ಹೆಸರಿನಂಥ ಸಹಜ ವ್ಯತ್ಯಾಸ ಬಿಟ್ಟರೆ ಹಿರಿಯರ ಪಟ್ಟಿಯಲ್ಲಿ ಒಂದು ಹೆಚ್ಚಿನ ಚರಾಂಶ ಇತ್ತು. ಕನ್ಸೋಲ್‌ನಲ್ಲಿ ಬಣ್ಣದ ಅಕ್ಷರ ತೋರಿಸುವ ಒಂದು ಹಳೆಯ ಉಚಿತ ಸಾಧನದ ಹೆಸರು ಅದರಲ್ಲಿ ಕಂಡಿತು.

ಆಟೋರನ್

ಸಿಎಂಡಿಗೆ ಒಂದು ವ್ಯವಸ್ಥೆ ಇದೆ. ಅದು ಶುರುವಾಗುವಾಗ ವಿಂಡೋಸ್ ಸೆಟ್ಟಿಂಗ್‌ಗಳ ಸಂಗ್ರಹವಾದ ರಿಜಿಸ್ಟ್ರಿಯಲ್ಲಿ ಕಮಾಂಡ್ ಪ್ರೊಸೆಸರ್ ಎಂಬ ಕೀ ಒಳಗೆ ಆಟೋರನ್ ಎಂಬ ಮೌಲ್ಯ ಇದೆಯೇ ಎಂದು ನೋಡುತ್ತದೆ. ಮೊದಲು ಇಡೀ ಯಂತ್ರಕ್ಕೆ ಸೇರಿದ ಭಾಗದಲ್ಲಿ, ನಂತರ ಆ ಬಳಕೆದಾರರ ಭಾಗದಲ್ಲಿ. ಇದ್ದರೆ ಅದರಲ್ಲಿ ಬರೆದ ಆಜ್ಞೆಯನ್ನು ಮೊದಲು ಓಡಿಸಿ ಆಮೇಲೆ ತನ್ನ ಕೆಲಸಕ್ಕೆ ಬರುತ್ತದೆ. ಕಪ್ಪು ಕಿಟಕಿ ತೆರೆದಾಗ ಮಾತ್ರ ಅಲ್ಲ, ಯಾವುದೇ ಬ್ಯಾಚ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೂ, ಯಾವುದೇ ತಂತ್ರಾಂಶ ಹಿನ್ನೆಲೆಯಲ್ಲಿ ಸಿಎಂಡಿ ಕರೆದರೂ ಇದು ನಡೆಯುತ್ತದೆ. ಕರೆಯುವಾಗ /ಡಿ ಎಂಬ ಸ್ವಿಚ್ ಕೊಟ್ಟರೆ ಮಾತ್ರ ಆಟೋರನ್ ನಡೆಯುವುದಿಲ್ಲ.

ಹಿರಿಯರ ಭಾಗದಲ್ಲಿ ಆಟೋರನ್ ಇತ್ತು, ಅದು ಆ ಬಣ್ಣದ ಸಾಧನವನ್ನು ಕರೆಯುತ್ತಿತ್ತು. ಹಳೆಯ ಯಂತ್ರದಲ್ಲಿ ಲಾಗ್‌ಗಳನ್ನು ಬಣ್ಣದಲ್ಲಿ ಓದಲು ಅವರು ಅದನ್ನು ಹಾಕಿಕೊಂಡಿದ್ದರು. ಸ್ಥಳಾಂತರದ ಸಮಯದಲ್ಲಿ ತಮ್ಮ ಅನುಕೂಲದ ಸೆಟ್ಟಿಂಗ್‌ಗಳನ್ನು ರಿಜಿಸ್ಟ್ರಿ ಫೈಲ್ ಆಗಿ ತೆಗೆದು ಹೊಸ ಯಂತ್ರಕ್ಕೆ ಹಾಕಿದಾಗ ಆಟೋರನ್ ಸಹ ಬಂದಿತ್ತು, ಸಾಧನದ ಫೋಲ್ಡರನ್ನೂ ಅವರೇ ಕಾಪಿ ಮಾಡಿದ್ದರು. ಸಿಸ್ಟಂ ಖಾತೆಗೆ ಈ ಬಳಕೆದಾರ ಭಾಗದ ಸಂಬಂಧವಿಲ್ಲ. ರೀಬೂಟ್ ನಂತರ ಎಲ್ಲ ಸರಿಹೋಗುತ್ತಿದ್ದದ್ದು ಅದಕ್ಕೇ.

ಪರೀಕ್ಷೆ ಸರಳವಾಗಿತ್ತು. ಹಿರಿಯರ ಖಾತೆಯಲ್ಲೇ, ಏನನ್ನೂ ಅಳಿಸದೆ, ಸಿಎಂಡಿಯನ್ನು /ಡಿ ಸ್ವಿಚ್ ಜೊತೆ ತೆರೆದು ಆ ಸಾಲು ಹಾಕಿದೆವು. ಬಾಕ್ಸ್ ಇಲ್ಲ. ಎರರ್‌ಲೆವೆಲ್ 1. /ಡಿ ಇಲ್ಲದೆ ತೆರೆದೆವು, ಬಾಕ್ಸ್ ಬಂತು. ಮತ್ತೆ /ಡಿ, ಮತ್ತೆ ಇಲ್ಲ. ಒಂದೇ ಒಂದು ವ್ಯತ್ಯಾಸ ಇಟ್ಟುಕೊಂಡು ಹೀಗೆ ಹಿಂದೆ ಮುಂದೆ ಮಾಡಿ ನೋಡುವ ತನಕ ಕಾರಣ ಸಿಕ್ಕಿತು ಎಂದು ಹೇಳಬಾರದು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಜ್ಞಾತ ಮಾಡ್ಯೂಲ್ ಎಂಬುದು ವೈರಸ್ ಭಯ ಹುಟ್ಟಿಸಿತ್ತು, ಅದಕ್ಕೆ ಉತ್ತರ ಕೊಡದೆ ಪ್ರಕರಣ ಮುಚ್ಚುವುದು ನ್ಯಾಯವಲ್ಲ. ವಿಂಡೋಸ್ ಎರರ್ ರಿಪೋರ್ಟಿಂಗ್‌ಗೆ ಲೋಕಲ್ ಡಂಪ್ಸ್ ಎಂಬ ರಿಜಿಸ್ಟ್ರಿ ಕೀ ಇದೆ. ಸಾಮಾನ್ಯವಾಗಿ ಅದು ಚಾಲೂ ಇರುವುದಿಲ್ಲ. ಅದರಡಿ ಫೈಂಡ್‌ಸ್ಟರ್ ಹೆಸರಿನ ಉಪಕೀ ಮಾಡಿ ಡಂಪ್ ಟೈಪ್ 2 ಕೊಟ್ಟೆವು. ಇದು ಪೂರ್ಣ ಡಂಪ್, ಅಂದರೆ ಕ್ರ್ಯಾಶ್ ಆದ ಕ್ಷಣದ ಪ್ರೋಗ್ರಾಂನ ಮೆಮೊರಿಯ ಪ್ರತಿ. ಒಮ್ಮೆ ಬೇಕೆಂದೇ ಕ್ರ್ಯಾಶ್ ಮಾಡಿಸಿ, ಸಿಕ್ಕ ಡಂಪನ್ನು ವಿನ್‌ಡಿಬಿಜಿ ಎಂಬ ಡೀಬಗ್ಗರ್‌ನಲ್ಲಿ ತೆರೆದೆವು. ಮಾಡ್ಯೂಲ್‌ಗಳ ಪಟ್ಟಿಯ ಕೊನೆಗೆ, ಲೋಡ್ ಆಗಿ ಆಮೇಲೆ ಹೊರಹೋದ ಮಾಡ್ಯೂಲ್‌ಗಳ ಸಾಲಿನಲ್ಲಿ, ಬಣ್ಣದ ಸಾಧನದ ಡಿಎಲ್‌ಎಲ್ (ಪ್ರೋಗ್ರಾಂಗಳ ಒಳಗೆ ಸೇರಿಕೊಳ್ಳುವ ಕೋಡ್ ಫೈಲ್) ಇತ್ತು. ಫೈಂಡ್‌ಸ್ಟರ್ ಕ್ರ್ಯಾಶ್ ಆದ ವಿಳಾಸ ಬಿದ್ದದ್ದು ಸರಿಯಾಗಿ ಆ ಡಿಎಲ್‌ಎಲ್ ಮುಂಚೆ ಕೂತಿದ್ದ ಜಾಗದೊಳಗೆ.

ಆಗ ಪೂರ್ತಿ ಚಿತ್ರ ಸಿಕ್ಕಿತು. ಆ ಸಾಧನ ಸಿಎಂಡಿಯೊಳಗೆ ಸೇರಿಕೊಂಡು, ಸಿಎಂಡಿ ಹುಟ್ಟಿಸುವ ಪ್ರತಿ ಪ್ರೋಗ್ರಾಂಗೂ ತನ್ನ ಡಿಎಲ್‌ಎಲ್ ತೂರಿಸುತ್ತದೆ. ಪ್ರೋಗ್ರಾಂ ಕನ್ಸೋಲ್‌ಗೆ ಬರೆಯುವ ಕರೆಗಳನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬಣ್ಣದ ಸಂಕೇತಗಳನ್ನು ನಿಜವಾದ ಬಣ್ಣವಾಗಿಸುತ್ತದೆ. ಔಟ್‌ಪುಟ್ ಪರದೆಗೆ ಹೋಗುತ್ತಿಲ್ಲ, ನಲ್‌ಗೆ ಹೋಗುತ್ತಿದೆ ಎಂದು ಕಂಡರೆ ಬಣ್ಣದ ಕೆಲಸ ಇಲ್ಲವೆಂದು ಹೊರಬೀಳುತ್ತದೆ. ಈ ಹಳೆಯ ಆವೃತ್ತಿ ಹೊಸ ವಿಂಡೋಸ್‌ನಲ್ಲಿ ಹೊರಬೀಳುವಾಗ ತಾನು ತಿರುಗಿಸಿದ್ದ ಒಂದು ಕರೆಯನ್ನು ಮೊದಲಿನಂತೆ ಮಾಡದೆ ಹೋಗುತ್ತಿತ್ತು. ಫೈಂಡ್‌ಸ್ಟರ್ ಆ ಕರೆ ಮಾಡಿದಾಗ ಅಲ್ಲಿ ಯಾರೂ ಇರುತ್ತಿರಲಿಲ್ಲ. ಮನೆ ಖಾಲಿ ಮಾಡಿ ಹೋದವರ ಹೆಸರಿಗೆ ಬಂದ ಕಾಗದದ ಹಾಗೆ. ಔಟ್‌ಪುಟ್ ತಿರುಗಿಸದೆ ಟೈಪಿಸಿದಾಗ ಡಿಎಲ್‌ಎಲ್ ಒಳಗೇ ಇರುತ್ತಿದ್ದರಿಂದ ಏನೂ ಆಗುತ್ತಿರಲಿಲ್ಲ. ಹಿರಿಯರ ಮೊದಲ ವಾರದ ಪರೀಕ್ಷೆ ಯಾಕೆ ಸುಳ್ಳು ನೆಮ್ಮದಿ ಕೊಟ್ಟಿತು ಎಂಬುದಕ್ಕೂ ಉತ್ತರ ಅದೇ.

ಏನು ಬದಲಿಸಿದೆವು, ಏನು ಬದಲಿಸಲಿಲ್ಲ

ಆಟೋರನ್ ಮೌಲ್ಯವನ್ನು ಮೊದಲು ಫೈಲಿಗೆ ಉಳಿಸಿಕೊಂಡು ನಂತರ ಅಳಿಸಿದೆವು. ಹೊಸ ಸಿಎಂಡಿ ತೆರೆದು ಸ್ಕ್ರಿಪ್ಟ್ ಓಡಿಸಿದಾಗ ಟಾಮ್‌ಕ್ಯಾಟ್ ಎದ್ದಿತು, ರೀಬೂಟ್ ಇಲ್ಲದೆ. ಹಿರಿಯರಿಗೆ ಬಣ್ಣದ ಲಾಗ್ ಕಳೆದುಕೊಳ್ಳುವ ಬೇಸರವೂ ಬೇಕಾಗಲಿಲ್ಲ. ಸರ್ವರ್ 2016ರ ಕನ್ಸೋಲ್‌ಗೆ ಆ ಬಣ್ಣದ ಸಂಕೇತಗಳನ್ನು ಓದುವ ಶಕ್ತಿ ತಾನಾಗಿಯೇ ಇದೆ, ಪ್ರೋಗ್ರಾಂ ಅದನ್ನು ಕೇಳಿಕೊಂಡರೆ ಸಾಕು. 2008 ಆರ್2ನಲ್ಲಿ ಅದು ಇರಲಿಲ್ಲ, ಆಗ ಆ ಸಾಧನ ನಿಜಕ್ಕೂ ಉಪಕಾರ ಮಾಡಿತ್ತು.

ಸ್ಕ್ರಿಪ್ಟ್ ಬಗ್ಗೆ ಚರ್ಚೆ ಹೆಚ್ಚು ಹೊತ್ತು ನಡೆಯಿತು. ಪೋರ್ಟ್ ಪರೀಕ್ಷೆಯೇ ಬೇಡ, ಪೋರ್ಟ್ ಸಿಗದಿದ್ದರೆ ಟಾಮ್‌ಕ್ಯಾಟ್ ತಾನೇ ಹೇಳುತ್ತದೆ ಎಂಬುದು ಕಿರಿಯರ ವಾದ. ಅದರಲ್ಲಿ ಸತ್ಯ ಇದೆ. ವಿಳಾಸ ಆಗಲೇ ಬಳಕೆಯಲ್ಲಿದೆ ಎಂಬ ಬೈಂಡ್ ಎಕ್ಸೆಪ್ಶನ್ ಲಾಗ್‌ಗೆ ಬರುತ್ತದೆ. ಆದರೆ ಪೋರ್ಟ್ ತೆರೆಯುವ ಭಾಗವಾದ ಕನೆಕ್ಟರ್ ಶುರುವಾಗದಿದ್ದರೂ ಟಾಮ್‌ಕ್ಯಾಟ್ ಪ್ರೊಸೆಸ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಬಾಗಿಲು ತೆರೆಯದೆ ಒಳಗೆ ಓಡುತ್ತಲೇ ಇರುತ್ತದೆ. ನಿಲ್ಲಬೇಕೆಂದರೆ ಅದಕ್ಕಾಗಿಯೇ ಇರುವ ಎಕ್ಸಿಟ್ ಆನ್ ಇನಿಟ್ ಫೇಲ್ಯೂರ್ ಎಂಬ ಸಿಸ್ಟಂ ಪ್ರಾಪರ್ಟಿಯನ್ನು ಟ್ರೂ ಮಾಡಬೇಕು. ನಡುವೆ ಯಾರಾದರೂ ಟಾಸ್ಕ್ ಮ್ಯಾನೇಜರ್ ನೋಡಿ ಜಾವಾ ಓಡುತ್ತಿದೆ, ಸರ್ವರ್ ಸರಿಯಿದೆ ಎಂದುಕೊಳ್ಳುವ ಅಪಾಯ ಇದ್ದದ್ದರಿಂದ ಪರೀಕ್ಷೆ ಉಳಿಸಿಕೊಂಡು, ಅದನ್ನು ಪ್ರಾಮಾಣಿಕವಾಗಿಸಿದೆವು. ಹುಡುಕುವುದು ಈಗ ಲಿಸನಿಂಗ್ ಸ್ಥಿತಿಯ ಸಾಲುಗಳಲ್ಲಿ ಮಾತ್ರ. ಎರರ್‌ಲೆವೆಲ್ 0 ಆದರೆ ಪೋರ್ಟ್ ಬಳಕೆಯಲ್ಲಿದೆ, 1 ಆದರೆ ಖಾಲಿ, ಉಳಿದ ಯಾವ ಸಂಖ್ಯೆ ಬಂದರೂ "ಪೋರ್ಟ್ ಪರೀಕ್ಷೆ ನಡೆಯಲಿಲ್ಲ" ಎಂಬ ಸಾಲಿನ ಜೊತೆಗೆ ಆ ಸಂಖ್ಯೆಯನ್ನೇ ತೋರಿಸಿ ನಿಲ್ಲುತ್ತದೆ. ಷೆಡ್ಯೂಲರ್ ಮತ್ತು ಶಾರ್ಟ್‌ಕಟ್ ಎರಡರಲ್ಲೂ ಸ್ಕ್ರಿಪ್ಟನ್ನು /ಡಿ ಜೊತೆಗೆ ಕರೆಯುವಂತೆ ಮಾಡಿದೆವು, ಯಾರ ಖಾತೆಯಲ್ಲಿ ಏನಿದ್ದರೂ ಸ್ಕ್ರಿಪ್ಟ್‌ಗೆ ಅಂಟಬಾರದೆಂದು.

ಟಾಮ್‌ಕ್ಯಾಟ್ ಅನ್ನು ವಿಂಡೋಸ್ ಸರ್ವಿಸ್ ಮಾಡಿಬಿಡಿ ಎಂದು ಮೇಲಿನವರು ಅದೇ ದಿನ ಕೇಳಿದರು. ಸರ್ವಿಸ್ ಆದರೆ ಬ್ಯಾಚ್ ಫೈಲ್‌ಗಳ ದಾರಿಯೇ ತಪ್ಪುತ್ತದೆ, ಹೀಗಾಗಿ ಸಲಹೆ ಒಳ್ಳೆಯದೇ. ಆದರೆ ಸ್ಕ್ರಿಪ್ಟ್ ಹೊಂದಿಸುತ್ತಿದ್ದ ಜಾವಾ ಆಯ್ಕೆಗಳನ್ನೆಲ್ಲ ಸರ್ವಿಸ್‌ನ ಸೆಟ್ಟಿಂಗ್‌ಗೆ ಒಂದೊಂದಾಗಿ ಸಾಗಿಸಬೇಕು. ಒಂದು ದೋಷ ಸರಿಪಡಿಸಿದ ದಿನವೇ ಇಷ್ಟು ದೊಡ್ಡ ಬದಲಾವಣೆ ಮಾಡಿದರೆ, ನಾಳೆ ಬೇರೇನಾದರೂ ಕೆಟ್ಟಾಗ ಎರಡರಲ್ಲಿ ಯಾವುದರಿಂದ ಎಂದು ತಿಳಿಯುವುದಿಲ್ಲ. ಮುಂದಿನ ನಿರ್ವಹಣಾ ಅವಧಿಗೆ ಅದನ್ನು ಪ್ರತ್ಯೇಕವಾಗಿ ಇಟ್ಟೆವು.

ನನಗೆ ನಿಜವಾಗಿ ಆತಂಕ ತಂದದ್ದು ಕೊನೆಯಲ್ಲಿ ಮಾಡಿದ ಕೆಲಸ. ಅವರ ಸ್ಕ್ರಿಪ್ಟ್ ಫೋಲ್ಡರಿನಲ್ಲಿ "ಇಫ್ ಎರರ್‌ಲೆವೆಲ್ 1" ಎಲ್ಲೆಲ್ಲಿ ಇದೆ ಎಂದು ಹುಡುಕಿಸಿದೆ. ಬಹುತೇಕ ಸ್ಕ್ರಿಪ್ಟ್‌ಗಳಲ್ಲಿ ಅದರ ಅರ್ಥ ಇಲ್ಲಿಗಿಂತ ತಿರುಗುಮುರುಗು: ಎರರ್‌ಲೆವೆಲ್ 1 ಅಥವಾ ಹೆಚ್ಚಾದರೆ ವಿಫಲ, ಇಲ್ಲವಾದರೆ ಯಶಸ್ವಿ. ಅಲ್ಲಿ ಪ್ರೋಗ್ರಾಂ ಕ್ರ್ಯಾಶ್ ಆಗಿ ಋಣ ಸಂಖ್ಯೆ ಬಂದರೆ ಸ್ಕ್ರಿಪ್ಟ್ ಅದನ್ನು ಯಶಸ್ಸು ಎಂದು ಬರೆಯುತ್ತದೆ. ಡೇಟಾಬೇಸ್ ಬ್ಯಾಕಪ್ ಮುಗಿದ ಮೇಲೆ ಲಾಗ್‌ನಲ್ಲಿ "ಪೂರ್ಣಗೊಂಡಿದೆ" ಎಂಬ ಸಾಲು ಇದೆಯೇ ಎಂದು ಫೈಂಡ್‌ಸ್ಟರ್‌ನಿಂದ, ಅದೂ ನಲ್‌ಗೆ ತಿರುಗಿಸಿ, ನೋಡುವ ಸ್ಕ್ರಿಪ್ಟ್ ಅದರಲ್ಲೊಂದು. ರಾತ್ರಿಯ ಬ್ಯಾಕಪ್ ಸಿಸ್ಟಂ ಖಾತೆಯಲ್ಲಿ ಓಡುತ್ತಿದ್ದರಿಂದ ಅದಕ್ಕೆ ಈ ದೋಷ ತಾಗಿರಲಿಲ್ಲ. ಆದರೆ ಸ್ಥಳಾಂತರದ ನಂತರ ಹಿರಿಯರು ತಮ್ಮ ಖಾತೆಯಿಂದ ಕೈಯಾರೆ ತೆಗೆದಿದ್ದ ಬ್ಯಾಕಪ್‌ಗಳಿಗೆಲ್ಲ "ಯಶಸ್ವಿ" ಎಂಬ ಷರಾ ಬಿದ್ದಿತ್ತು, ಪರೀಕ್ಷೆ ಒಮ್ಮೆಯೂ ನಡೆಯದೆ. ಕಿರಿಯ ಎಂಜಿನಿಯರ್ ಅವುಗಳ ಲಾಗ್‌ಗಳನ್ನು ಒಂದೊಂದಾಗಿ ತೆರೆದು ಓದಿದರು. ಜಾಗ ಸಾಲದೆ ಅರ್ಧಕ್ಕೆ ನಿಂತ ಒಂದು ಬ್ಯಾಕಪ್ ಸಿಕ್ಕಿತು. ಅದನ್ನು ಅಂದೇ ಮತ್ತೆ ತೆಗೆಸಿ, ಬೇರೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿದ ಮೇಲೆ ಹಿರಿಯರು ಪ್ರಕರಣದ ಟಿಕೆಟ್ ಮುಚ್ಚಿದರು.